ಕಡ್ಡಿ ತನ್ನ ಸುತ್ತ ತಿರುಗಿತಾ?

ನಮಸ್ಕಾರ. ಇವತ್ತು ಒಂದು ಪದದ ವಿಚಾರಕ್ಕೆ ಸ್ವಲ್ಪ ಜಗಳ ಆಡಬೇಕು. ಪದ ವೋರ್ಟಿಸಿಟಿ. ಜಗಳ ಪದದ ಜೊತೆ ಅಲ್ಲ, ಅದನ್ನು 'ಸುಳಿ' ಅಂತ ಹೇಳಿ ಮುಗಿಸುವವರ ಜೊತೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿದ್ದೇನೆ. ಹಾಗಾಗಿ ಅರ್ಧ ಬೈಗುಳ ನನಗೇ.

ಕೊಡಗಿನವರಿಗೆ ಸುಳಿ ಹೊಸದಲ್ಲ. ಹೊಳೆ ಕಡೆ ಹೊರಟರೆ ಸಾಕು, ಮನೆಯಲ್ಲಿ ಯಾರಾದರೂ 'ಸುಳಿ ಇದೆ, ಜೋಪಾನ' ಅನ್ನುತ್ತಾರೆ. ಆ ಸುಳಿ ಕಣ್ಣಿಗೆ ಕಾಣುತ್ತದೆ, ಬೆರಳು ತೋರಿಸಿ ಹೇಳಬಹುದು. ವೋರ್ಟಿಸಿಟಿ ಹಾಗಲ್ಲ. ಅದು ನೀರಿನ ಒಂದೊಂದು ಹನಿಗೂ ಕೇಳುವ ಪ್ರಶ್ನೆ. ನೀನು ಎಲ್ಲಿಗಾದರೂ ಹೋಗು, ಹೋಗುವಾಗ ನಿನ್ನ ಸುತ್ತ ನೀನೇ ತಿರುಗುತ್ತೀಯಾ? ತಿರುಗಿದರೆ ಎಷ್ಟು ಜೋರಾಗಿ?

ಇದು ನನಗೆ ಅರ್ಥವಾಗಿದ್ದು ಪುಸ್ತಕದಿಂದ ಅಲ್ಲ, ಗದ್ದೆ ಬದಿಯ ತೋಡಿನಲ್ಲಿ. ಎರಡು ಸಣ್ಣ ಕಡ್ಡಿ ತಗೊಳ್ಳಿ. ಒಂದರ ಮೇಲೊಂದು ಅಡ್ಡ ಇಟ್ಟು ಬಾಳೆ ನಾರಿನಲ್ಲಿ ಬಿಗಿಯಾಗಿ ಕಟ್ಟಿ. ಒಂದು ತುದಿಗೆ ಸುಣ್ಣ ಹಚ್ಚಿ. ತೋಡಿನ ನಡುವೆ ಬಿಟ್ಟರೆ ಸುಣ್ಣದ ತುದಿ ಹೆಚ್ಚುಕಮ್ಮಿ ಒಂದೇ ದಿಕ್ಕು ನೋಡುತ್ತಾ ಹೋಗುತ್ತದೆ. ದಡದ ಹತ್ತಿರ ಬಿಡಿ. ಬುಗುರಿ ಹಾಗೆ ತಿರುಗುತ್ತಾ ಹೋಗುತ್ತದೆ! ತೋಡು ನೇರ, ನೀರೂ ನೇರ, ಒಂದೂ ಸುಳಿ ಇಲ್ಲ. ಆದರೆ ದಡದ ಮಣ್ಣು ನೀರನ್ನು ಹಿಡಿದು ಎಳೆಯುತ್ತದೆ. ದಡದ ಕಡೆ ವೇಗ ಕಡಿಮೆ, ನಡುವಿನ ಕಡೆ ಜಾಸ್ತಿ. ಕಡ್ಡಿ ತಿರುಗದೆ ಏನು ಮಾಡೀತು?

ಈಗ ಉಲ್ಟಾ ನೋಡಿ. ಬಚ್ಚಲ ತೊಟ್ಟಿಯ ತೂತಿನಿಂದ ನೀರು ಇಳಿಯುವಾಗ ಒಳ್ಳೆ ಸುಳಿ ಏಳುತ್ತದೆ, ಅಲ್ವಾ? ಅಲ್ಲಿ ಇದೇ ಕಡ್ಡಿಯನ್ನು ನಡುವಿನಿಂದ ಸ್ವಲ್ಪ ದೂರ ಬಿಟ್ಟರೆ, ಅದು ತೂತಿನ ಸುತ್ತ ಗಿರಕಿ ಹೊಡೆಯುತ್ತದೆ, ಆದರೆ ತನ್ನ ಸುತ್ತ ತಾನು ತಿರುಗುವುದು ತೀರಾ ಕಡಿಮೆ. ಮಡಿಕೇರಿ ದಸರೆಯಲ್ಲಿ ಜೈಂಟ್ ವೀಲ್ ಹತ್ತಿದವರಿಗೆ ಇದು ಗೊತ್ತು. ತೊಟ್ಟಿಲು ಪೂರ್ತಿ ಸುತ್ತು ಬರುತ್ತದೆ, ನೀವು ತಲೆಕೆಳಗಾಗುವುದಿಲ್ಲ.

ಎರಡು ಕಡ್ಡಿ ಯಾಕೆ ಅಂತೀರಾ? ಲೆಕ್ಕದ ಗುಟ್ಟೇ ಅಲ್ಲಿದೆ. ನೀರು ಒಂದೊಂದು ಕಡ್ಡಿಯನ್ನು ಎಷ್ಟು ಜೋರಾಗಿ ತಿರುಗಿಸಲು ನೋಡುತ್ತದೋ, ಆ ಎರಡನ್ನೂ ಕೂಡಿಸಿದರೆ ವೋರ್ಟಿಸಿಟಿ. ತೋಡಿನ ದಡದಲ್ಲಿ ಹರಿವಿಗೆ ಅಡ್ಡ ಇರುವ ಕಡ್ಡಿಯನ್ನು ನೀರು ತಳ್ಳುತ್ತದೆ, ಹರಿವಿನ ಉದ್ದಕ್ಕೆ ಇರುವುದನ್ನು ಬಿಡುತ್ತದೆ. ಕೂಡಿಸಿದರೆ ಏನೋ ಒಂದು ಉಳಿಯುತ್ತದೆ. ಬಚ್ಚಲ ಸುಳಿಯಲ್ಲಿ ಒಂದನ್ನು ಬಲಕ್ಕೆ, ಇನ್ನೊಂದನ್ನು ಅಷ್ಟೇ ಎಡಕ್ಕೆ. ಕೂಡಿಸಿದರೆ ಸೊನ್ನೆ. ಗ್ರೈಂಡರ್ ಪಾತ್ರೆಯಲ್ಲಿ ಕಲ್ಲು ತೆಗೆದು ಬರೀ ನೀರು ಹಾಕಿ ತಿರುಗಿಸಿ. ಸ್ವಲ್ಪ ಹೊತ್ತಿಗೆ ನೀರು ಪಾತ್ರೆಯ ಜೊತೆಗೇ ಸುತ್ತುತ್ತದೆ. ಅಲ್ಲಿ ಎರಡೂ ಕಡ್ಡಿ ಒಂದೇ ಕಡೆಗೆ. ಅದಕ್ಕೇ ವೋರ್ಟಿಸಿಟಿ ತಿರುಗುವ ವೇಗದ ಎರಡರಷ್ಟು. ಈ 'ಎರಡರಷ್ಟು' ಎಲ್ಲಿಂದ ಬಂತು ಅಂತ ಕಾಲೇಜಿನಲ್ಲಿ ಕೇಳಿದ್ದೆ. 'ಸೂತ್ರದಲ್ಲಿದೆ, ಬರ್ಕೊಳ್ಳಿ' ಅಂದಿದ್ದರು.

1858ರಲ್ಲಿ ಈ ಗಣಿತಕ್ಕೆ ಬುನಾದಿ ಹಾಕಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಓದಿದ್ದು ವೈದ್ಯಕೀಯ, ಕಣ್ಣಿನ ಒಳಗನ್ನು ನೋಡುವ ಉಪಕರಣ ಮಾಡಿದವರೂ ಅವರೇ. ಅವರು ಹೇಳಿದ್ದು ಇಷ್ಟು. ಎಲ್ಲ ಕಡೆ ಒಂದೇ ಸಾಂದ್ರತೆ ಇರುವ, ಅಂಟೇ ಇಲ್ಲದ, ಅಂದರೆ ಒಂದು ಪದರ ಇನ್ನೊಂದನ್ನು ಹಿಡಿದು ಎಳೆಯದ ದ್ರವದಲ್ಲಿ, ತಿರುಗದೆ ಇರುವ ಹನಿ ತಿರುಗಲು ಶುರು ಮಾಡುವುದೇ ಇಲ್ಲ. ಹಾಗಾದರೆ ಹೊಳೆಗೆ ತಿರುಗು ಬಂದದ್ದು ಎಲ್ಲಿಂದ? ಹೆಚ್ಚಿನ ಪಾಲು ದಡದಿಂದ, ತಳದಿಂದ, ಬಂಡೆಯ ಮೈಯಿಂದ. ಬಂಡೆಯ ಹಿಂದೆ ಕಾಣುವ ಸುಳಿ ಆಮೇಲಿನ ಕಥೆ. ಅದರ ತಿರುಗು ಮೊದಲೇ ಬಂಡೆಗೆ ತಾಗಿದ ತೆಳು ಪದರದಲ್ಲಿ ಹುಟ್ಟಿರುತ್ತದೆ.

ಬಚ್ಚಲ ನೀರು ಭೂಮಿ ತಿರುಗುವ ದಿಕ್ಕಿಗೇ ಸುತ್ತುತ್ತದೆ ಅಂತ ಕೆಲವರು ಕಾಮೆಂಟ್ ಹಾಕುತ್ತಾರೆ. ಇಲ್ಲ ಸ್ವಾಮಿ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿ ದಿನಕ್ಕೊಂದು ಸುತ್ತು ಬರುತ್ತದೆ ನಿಜ, ಆದರೆ ಭೂಮಧ್ಯರೇಖೆಗೆ ಇಷ್ಟು ಹತ್ತಿರ ಆ ತಿರುಗಿನ ಸಣ್ಣ ಪಾಲು ಮಾತ್ರ ನಿಂತಲ್ಲೇ ತಿರುಗುವುದಕ್ಕೆ ಸಿಗುತ್ತದೆ. ಹಾಗಾಗಿ ಇಲ್ಲಿನ ನೆಲ ತನ್ನ ಸುತ್ತ ಒಂದು ಸುತ್ತು ಬರಲು ಸುಮಾರು ನಾಲ್ಕೂವರೆ ದಿನ ಬೇಕು. ನಿಮ್ಮ ತೊಟ್ಟಿ ಎರಡು ನಿಮಿಷದಲ್ಲಿ ಖಾಲಿ. ನೀವು ನೀರು ಸುರಿದ ರೀತಿ, ತೊಟ್ಟಿಯ ಓರೆಕೋರೆ, ಇವೇ ದಿಕ್ಕು ತೀರ್ಮಾನಿಸುತ್ತವೆ.

ಆದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೆ ದಿನಗಟ್ಟಲೆ ಸಮಯ ಇದೆ, ನೂರಾರು ಕಿಲೋಮೀಟರ್ ಜಾಗ ಇದೆ. ಅಲ್ಲಿ ಭೂಮಿಯ ತಿರುಗು ಲೆಕ್ಕಕ್ಕೆ ಬರುತ್ತದೆ. ಹವಾಮಾನದವರು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಯ ವೋರ್ಟಿಸಿಟಿ ನಕ್ಷೆ ನೋಡುವುದು ಇದಕ್ಕೇ. ಮೋಡದ ಚಿತ್ರದಲ್ಲಿ ಸುರುಳಿ ಸರಿಯಾಗಿ ಕಾಣುವ ಮೊದಲೇ ಅಲ್ಲಿ ಸಂಖ್ಯೆ ಏರಿರಬಹುದು. ಟಿವಿಯವರು ಸುರುಳಿ ಕಂಡ ಮೇಲೆ ಕೂಗುತ್ತಾರೆ, ಬಿಡಿ.

ಕನ್ನಡದಲ್ಲಿ ಏನನ್ನೋಣ? 'ಸುಳಿತನ' ಅಂದರೆ ಮತ್ತೆ ಅದೇ ಗೊಂದಲ. ನನ್ನ ಓಟು 'ಒಳತಿರುಗು' ಪದಕ್ಕೆ. ಹಿಡಿಸದಿದ್ದರೆ ವೋರ್ಟಿಸಿಟಿ ಅಂತಲೇ ಇರಲಿ. ಸುಳಿ ಮಾತ್ರ ಬೇಡ.

ಮುಂದಿನ ವಾರ ಭಾಗಮಂಡಲಕ್ಕೆ ಹೋಗುತ್ತಿದ್ದೇನೆ. ಕಾವೇರಿ, ಕನ್ನಿಕೆ ಸೇರುವ ಕಡೆ ಎರಡರ ವೇಗ ಬೇರೆ ಬೇರೆ ಇದ್ದರೆ, ನಡುವಿನ ಗೆರೆಯ ಉದ್ದಕ್ಕೂ ಒಳತಿರುಗು ಇರಲೇಬೇಕು. ಅಲ್ಲಿ ಸೇರುವ ಮೂರನೆಯ ನದಿ ಸುಜ್ಯೋತಿ ಗುಪ್ತಗಾಮಿನಿ, ಅವಳನ್ನು ಈ ಲೆಕ್ಕದಿಂದ ಬಿಟ್ಟಿದ್ದೇನೆ. ಆರು ಜೊತೆ ಕಡ್ಡಿ ಕಟ್ಟಿಟ್ಟಿದ್ದೇನೆ. ಸುಣ್ಣ ನೀರಲ್ಲಿ ತೊಳೆದು ಹೋಗುತ್ತೆ ಅಂತ ಈ ಸಲ ಕೆಂಪು ನೂಲು ಸುತ್ತಿದ್ದೇನೆ.