ಕೆರೆಯೂ ಸೆರೆಯೂ

ಕೇಳುಗರಿಗೆ ನಮಸ್ಕಾರ.

ದುರ್ಗದ ಬಸ್ ನಿಲ್ದಾಣದಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಕಂಡಕ್ಟರುಗಳ ಬಾಯಲ್ಲಿ ಬರೀ ಕೆರೆಗಳೇ. ಚಳ್ಳಕೆರೆ, ಹೊಳಲ್ಕೆರೆ, ದಾವಣಗೆರೆ! ಮೂರನೆಯದರಲ್ಲಿ ಕೆರೆ ಹೋಗಿ ಗೆರೆಯಾಗಿದೆ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ. ಮಿಕ್ಕ ಎರಡರಲ್ಲಿ ‘ಕ’ ಜಗ್ಗಿಲ್ಲ.

ಈ ಎರಡಕ್ಷರದ ಮಾತು ನನ್ನ ತಲೆ ಹೊಕ್ಕಿದ್ದು ತಮಿಳುನಾಡಿನಲ್ಲಿ. ಬಸ್ಸಿನ ಕಿಟಕಿಯಿಂದ ಎತ್ತರದ ಗೋಡೆಯೊಂದು ಕಂಡಿತು. ಬೋರ್ಡಿನ ಮೇಲೆ ‘ಸಿರೈ’ ಅಂತ ಇತ್ತು. ಪಕ್ಕದವರನ್ನು ಕೇಳಿದೆ. ‘ಜೈಲು ಸಾರ್’ ಅಂದರು. ಊರಿಗೆ ಬಂದು ನಿಘಂಟು ತೆಗೆದರೆ, ಈ ಸಿರೈ ನಮ್ಮ ಕೆರೆಯ ಒಡಹುಟ್ಟು!

ಅದು ಹೇಗೆ? ನಮ್ಮ ಕಿವಿ ತೆಲುಗು, ಮಲಯಾಳಗಳಲ್ಲಿ ಚೆವಿ. ನಮ್ಮ ಕಿರು ತಮಿಳಿನಲ್ಲಿ ಸಿರು, ತೆಲುಗಿನಲ್ಲಿ ಚಿರು. ನಮ್ಮ ಕೇರಿ ಅವರ ಚೇರಿ. ಪುದುಚೇರಿ ಅಂದರೆ ಹೊಸ ಕೇರಿ, ಅಷ್ಟೇ. ಇ, ಎ ಸ್ವರಗಳ ಮುಂದೆ ಅವರ ನಾಲಿಗೆ ‘ಕ’ವನ್ನು ಚ, ಸ ಕಡೆಗೆ ಎಳೆಯಿತು. ಕನ್ನಡ ಹಳೆಯ ‘ಕ’ವನ್ನೇ ಹಿಡಿದುಕೊಂಡು ಕೂತಿತು. ಹಟಮಾರಿ ಭಾಷೆ ನಮ್ಮದು! ಆದರೆ ಕೆರೆಯ ಹಳೆಯ ‘ರ’ವನ್ನು ನಾವೇ ಕಳೆದುಕೊಂಡೆವು. ಹಳೆಯ ಶಾಸನಗಳಲ್ಲಿ ಅದು ‘ಕೆಱೆ’. ಆ ಒರಟು ‘ಱ’ ತಮಿಳಿನಲ್ಲಿ ಇಂದಿಗೂ ಇದೆ.

ಮಲಯಾಳದ ‘ಚಿರ’ ಎಂದರೆ ಕಟ್ಟೆಯೂ ಹೌದು, ಕೆರೆಯೂ ಹೌದು. ತೆಲುಗಿನಲ್ಲಿ ಕೆರೆ ‘ಚೆರುವು’. ಹೈದರಾಬಾದಿನಲ್ಲಿ ದುರ್ಗಂ ಚೆರುವು ಅಂತ ಒಂದಿದೆ. ಕನ್ನಡದಲ್ಲಿ ಹೇಳಿ ನೋಡಿ: ದುರ್ಗದ ಕೆರೆ! ಅದೇ ತೆಲುಗಿನಲ್ಲಿ ‘ಚೆರ’ ಎಂದರೆ ಬಂಧನ, ಚೆರಸಾಲ ಎಂದರೆ ಜೈಲು.

ಅಂದರೆ ಮೂಲದಲ್ಲಿ ಇದು ನೀರಿನ ಹೆಸರಲ್ಲ, ತಡೆಯ ಹೆಸರು ಇರಬೇಕು. ಹರಿಯುವುದಕ್ಕೆ ಏರಿ ಹಾಕಿ ನಿಲ್ಲಿಸಿದರೆ ಕೆರೆ, ಓಡುವವನನ್ನು ಹಿಡಿದು ಕೂಡಿಹಾಕಿದರೆ ಸಿರೈ. ನಮ್ಮ ಸೆರೆಮನೆಯ ‘ಸೆರೆ’ಯೂ ಇದೇ ಬಳ್ಳಿಯದು. ‘ಕ’ ಬಿಟ್ಟಿರುವುದು ನೋಡಿದರೆ ನೆರೆಮನೆಯಿಂದ ಬಂದದ್ದು ಅಂತ ನನಗನ್ನಿಸುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ ಕುಡಿಯುವ ಸೆರೆ ಬೇರೆ, ಅದನ್ನು ಇಲ್ಲಿಗೆ ತರಬೇಡಿ!

ಏರಿಯ ಮೇಲೆ ನಿಂತಾಗ ಈಗ ಇದೇ ನೆನಪಾಗುತ್ತದೆ. ತೂಬು ಎತ್ತಿದರೆ ಒಂದಿಷ್ಟು ನೀರಿಗೆ ಬಿಡುಗಡೆ, ಕೋಡಿ ಬಿದ್ದರೆ ಅದಾಗಿಯೇ ಬೇಲಿ ಹಾರಿದಂತೆ. ಹಿರಿಯೂರಿನ ಹತ್ತಿರ ನಮ್ಮ ಮಾರಿಕಣಿವೆ ಇದೆಯಲ್ವಾ, ವಾಣಿವಿಲಾಸ ಸಾಗರ? ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆಗ ನಾನೂ ನೋಡಲು ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಅಜ್ಜ ಒಬ್ಬರು ನೀರಿನ ಕಡೆ ಕೈ ಮಾಡಿ, ‘89 ವರ್ಷ ಆಯ್ತು ನೋಡ್ರಿ ಹೊರಗೆ ಬಿಡಾಕೆ’ ಅಂದರು.

ನಮಸ್ಕಾರ.