ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೇ ಆರ್ಕೇಡ್ ಯಂತ್ರಗಳ ಸದ್ದಿನ ರಿಪೇರಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದೆಯಾ? ಸದ್ದಿನ ರಿಪೇರಿ ಬಗ್ಗೆ ಮಾತಾಡಲು ಬಂದವನ ಮೈಕೇ ಕೈ ಕೊಟ್ಟರೆ ಮರ್ಯಾದೆ ಉಳಿಯುವುದಿಲ್ಲ.

ನಾನು ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ಬೆಳಿಗ್ಗೆ ಇದೇ ವೇದಿಕೆಯಲ್ಲಿ ಒಬ್ಬ ಗೆಳೆಯರು ಒಂದು ಮಾತು ಹೇಳಿದರು. ಕಾಯಿನ್ ಹಾಕಿ ಆಡುವ ಹಳೇ ಆರ್ಕೇಡ್ ಗೇಮ್ ಯಂತ್ರದ ಸದ್ದು ಕೆಟ್ಟರೆ ತಲೆ ಕೆಡಿಸಿಕೊಳ್ಳಬೇಡಿ, ಒಳಗಿನ ಬೋರ್ಡ್ ಕಿತ್ತು ಹಾಕಿ, ಅರವತ್ತು ಆಟ ತುಂಬಿದ ಹೊಸ ಬೋರ್ಡ್ ಕೂರಿಸಿ ಅಂದರು. ಅದನ್ನು ಕೇಳಿದ ಮೇಲೆ ಮೊದಲ ಪುಟ ಮಡಚಿ ಜೇಬಿಗೆ ಹಾಕಿಬಿಟ್ಟೆ. ಅವರ ಮೇಲೆ ಸಿಟ್ಟಿಲ್ಲ. ಆದರೆ ನಮ್ಮಲ್ಲಿ ಒಂದು ಗಾದೆ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇವರು ಬರೆ ಹಾಕುವ ತಂಟೆಗೂ ಹೋಗುವುದಿಲ್ಲ, ಕೊಟ್ಟಿಗೆಯನ್ನೇ ಕೆಡವುತ್ತಾರೆ.

ಸದ್ದು ಕೆಟ್ಟಿದೆ ಅಂತ ಯಾರಾದರೂ ಯಂತ್ರ ತಂದರೆ ನಾನು ಕೇಳುವುದು ಒಂದೇ ಪ್ರಶ್ನೆ. ಒಂದು ಸದ್ದು ಇಲ್ಲವೋ, ಎಲ್ಲಾ ಸದ್ದೂ ಇಲ್ಲವೋ?

ಸ್ಪೇಸ್ ಇನ್ವೇಡರ್ಸ್ ತೆಗೆದುಕೊಳ್ಳಿ. 1978ರಲ್ಲಿ ಜಪಾನಿನ ಟೈಟೊ ಕಂಪನಿಗೆ ತೊಮೊಹಿರೊ ನಿಶಿಕಾಡೊ ಮಾಡಿದ ಆಟ. ಅದರ ಸದ್ದುಗಳನ್ನು ಯಾರೂ ರೆಕಾರ್ಡ್ ಮಾಡಿ ತುಂಬಿಲ್ಲ. ಗುಂಡು ಹಾರಲು ಒಂದು ಸರ್ಕ್ಯೂಟ್, ಸಿಡಿಯಲು ಇನ್ನೊಂದು, ಅನ್ಯಗ್ರಹದವರು ಸಾಲಾಗಿ ಇಳಿದು ಬರುವ ಆ ಡುಂ ಡುಂ ಡುಂ ಡುಂ ನಾಲ್ಕು ಹೆಜ್ಜೆಗೆ ಮತ್ತೊಂದು. ಮೇಲೆ ತೇಲಿ ಹೋಗುವ ಹಾರುವ ತಟ್ಟೆಗೆ ಮಾತ್ರ ಎಸ್‌ಎನ್76477 ಅನ್ನುವ ಐಸಿ, ಅಂದರೆ ಚಿಪ್. ತಟ್ಟೆಯ ಸದ್ದು ಒಂದೇ ಹೋಗಿ ಉಳಿದದ್ದೆಲ್ಲ ಬರುತ್ತಿದೆ ಅನ್ನಿ. ಹಾಗಿದ್ದರೆ ಆಂಪ್ಲಿಫೈಯರ್ ಚೆನ್ನಾಗಿದೆ, ಸ್ಪೀಕರ್ ಚೆನ್ನಾಗಿದೆ. ನೋಡಬೇಕಾದದ್ದು ಆ ಐಸಿ, ಅದರ ಸುತ್ತ ಇರುವ ನಾಲ್ಕು ಬಿಡಿಭಾಗ, ಅಷ್ಟೇ. ಮನೆಯಲ್ಲಿ ಒಂದು ನಲ್ಲಿಯಲ್ಲಿ ಮಾತ್ರ ನೀರು ಬರದಿದ್ದರೆ ಯಾರಾದರೂ ಟ್ಯಾಂಕ್ ಹತ್ತಿ ನೋಡ್ತಾರಾ? ಎಲ್ಲಾ ಸದ್ದೂ ಹೋಗಿದ್ದರೆ ಆಗ ಟ್ಯಾಂಕ್ ಹತ್ತಿ. ಪವರ್, ಆಂಪ್, ವಾಲ್ಯೂಮ್, ಸ್ಪೀಕರ್.

ಇಷ್ಟು ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕ್ಯೂಬರ್ಟ್ ಕಥೆ ಹೇಳುತ್ತೇನೆ. ಕೆಲವರು ಇದನ್ನು ಕೇಳಿದ್ದೀರಿ, ಮುಂದಿನ ಸಾಲಿನಲ್ಲಿ ಆಗಲೇ ನಗ್ತಿದ್ದಾರೆ. ಇರಲಿ.

ಕ್ಯೂಬರ್ಟ್ 1982ರ ಆಟ. ಮಾಡಿದ್ದು ಅಮೆರಿಕದ ಗಾಟ್ಲೀಬ್ ಕಂಪನಿ. ಅದು ಹುಟ್ಟಾ ಪಿನ್‌ಬಾಲ್ ಕಂಪನಿ, ಅಂದರೆ ಉಕ್ಕಿನ ಗುಂಡನ್ನು ಹೊಡೆದು ಆಡುವ ಯಂತ್ರ ಮಾಡುತ್ತಿದ್ದವರು, ಈ ವಿಷಯ ನೆನಪಿಟ್ಟುಕೊಳ್ಳಿ. ಸೊಂಡಿಲು ಮೂತಿಯ ಕಿತ್ತಳೆ ಬಣ್ಣದ ಪ್ರಾಣಿ ಮೆಟ್ಟಿಲು ಮೆಟ್ಟಿಲು ಕುಪ್ಪಳಿಸುತ್ತದೆ. ಸತ್ತಾಗ ಏನೋ ಬೈಯುತ್ತದೆ. ಆ ಬೈಗುಳ ಯಾವ ಭಾಷೆಯದೂ ಅಲ್ಲ. ವೋಟ್ರಾಕ್ಸ್ ಎಸ್‌ಸಿ-01 ಅನ್ನುವ ಮಾತಾಡುವ ಐಸಿ ಹಾಕಿದ್ದರು. ಸರಿಯಾಗಿ ಇಂಗ್ಲಿಷ್ ಮಾತಾಡಿಸಲು ಹೋಗಿ ಸಾಕಾಗಿ, ಸದ್ದು ಮಾಡುತ್ತಿದ್ದ ಡೇವಿಡ್ ಥೀಲ್ ಅದಕ್ಕೆ ಮನಸ್ಸಿಗೆ ಬಂದ ಹಾಗೆ ಅಕ್ಷರ ಉಣಿಸಿಬಿಟ್ಟರು. ಹೀಗೆ ಆ ಬೈಗುಳ ಹುಟ್ಟಿತು.

ನಾನು ಆಗ ಅಮೆರಿಕದಲ್ಲಿದ್ದೆ. ಬಾಗಿಲು ಮುಚ್ಚಿದ ಒಂದು ಪಾರ್ಲರಿನವರಿಂದ ಈ ಯಂತ್ರ ಕೊಂಡೆ. ಮಾರಿದವರು ಹೇಳಿದ್ದು ಇಷ್ಟು: "ಎಲ್ಲಾ ಸರಿ ಇದೆ, ಬೀಳುವ ಸದ್ದೊಂದು ಇಲ್ಲ." ಹೌದು, ಪ್ರಾಣಿ ಮೆಟ್ಟಿಲು ತಪ್ಪಿ ಕೆಳಗೆ ಬೀಳುವಾಗ ಸುಂಯ್ ಅಂತ ಸಿಳ್ಳೆ ಇಳಿಯುತ್ತಿತ್ತು. ಕೊನೆಗೆ ಠಪ್ ಅನ್ನಬೇಕು, ಅನ್ನುತ್ತಿರಲಿಲ್ಲ. ಶನಿವಾರ ಆಂಪ್ ಐಸಿ ಬದಲಾಯಿಸಿದೆ. ಭಾನುವಾರ ಸೌಂಡ್ ಬೋರ್ಡಿನಲ್ಲಿ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಅಷ್ಟನ್ನೂ ಕಿತ್ತು ಹೊಸದು ಹಾಕಿದೆ. ಮುಂದಿನ ವಾರ ಮೆಮೊರಿ ಚಿಪ್ ಮೇಲೆ ಅನುಮಾನ. ಅದರ ಮುಂದಿನ ವಾರ ವೋಟ್ರಾಕ್ಸ್ ಮೇಲೆ. ಅದು ಸಿಗುವುದು ಕಷ್ಟ, ಸಿಕ್ಕರೆ ಬೆಲೆ ಕೇಳಿ ಎದೆ ಧಸಕ್ ಅನ್ನುತ್ತದೆ. ಒಂದು ಸದ್ದಿಗೆ ಇಡೀ ಬೋರ್ಡಿಗೆ ಬರೆ ಹಾಕಿದೆ ನೋಡಿ. ಬರೆ ಅಂದರೆ ಬರೆಯೇ, ಕೈಯಲ್ಲಿ ಇದ್ದದ್ದು ಕಾದ ಸೋಲ್ಡರಿಂಗ್ ಐರನ್.

ಒಂದು ರಾತ್ರಿ ಗ್ಯಾರೇಜಿನಲ್ಲಿ ಸ್ಕ್ರೂ ಒಂದು ಪೆಟ್ಟಿಗೆಯ ತಳಕ್ಕೆ ಬಿತ್ತು. ಕತ್ತಲಲ್ಲಿ ತಡಕಾಡಿದೆ. ಒಳಗಡೆ ಮರಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದ, ತಂತಿ ಸುತ್ತಿದ ಒಂದು ಕಾಯಿಲ್ ಕೈಗೆ ಸಿಕ್ಕಿತು. ಹೆಬ್ಬೆಟ್ಟಿನ ಗಾತ್ರ, ಮಧ್ಯದಲ್ಲಿ ಕಬ್ಬಿಣದ ಕಡ್ಡಿ. ಪಕ್ಕದಲ್ಲಿ ಎರಡು ವೈರಿನ ಒಂದು ಪ್ಲಗ್ ಅನಾಥವಾಗಿ ನೇತಾಡುತ್ತಿತ್ತು. ಚುಚ್ಚಿದೆ. ಆಟ ಶುರು ಮಾಡಿ ಬೇಕಂತಲೇ ಬಿದ್ದೆ. ಸುಂಯ್... ಠಪ್! ಪೆಟ್ಟಿಗೆ ಅದುರಿತು. ಮೇಲೆ ಮಲಗಿದ್ದ ನಮ್ಮ ಮನೆಯವರು "ಏನ್ರೀ ಬಿತ್ತು?" ಅಂತ ಓಡಿ ಬಂದರು.

ಅದು ಸ್ಪೀಕರಿನ ಸದ್ದೇ ಅಲ್ಲ! ಪಿನ್‌ಬಾಲ್ ಯಂತ್ರಗಳಲ್ಲಿ ಫ್ರೀ ಗೇಮ್ ಗೆದ್ದಾಗ ಟಕ್ ಅಂತ ಮರಕ್ಕೆ ಹೊಡೆಯುವ ನಾಕರ್ ಇರುತ್ತದೆ. ಗಾಟ್ಲೀಬ್‌ನವರು ಅದನ್ನೇ ಇಲ್ಲಿ ಹಾಕಿದ್ದರು. ಪ್ರಾಣಿ ನಿಜವಾಗಿಯೂ ಪೆಟ್ಟಿಗೆಯ ತಳಕ್ಕೆ ಬಿದ್ದ ಹಾಗೆ ಕೇಳಲಿ ಅಂತ. ಎತ್ತು ಒಂದು ಕಡೆ ಕೂತಿತ್ತು, ನಾನು ಮೂರು ವಾರ ಎಮ್ಮೆಯ ಹಿಂದೆ ತಿರುಗಿದೆ. ಈಗ ಹೇಳಿ, ಅರವತ್ತು ಆಟದ ಬೋರ್ಡಿನಲ್ಲಿ ಆ ಠಪ್ ಎಲ್ಲಿಂದ ಬರುತ್ತದೆ?

ಗಂಟೆ ಎಷ್ಟಾಯಿತು? ಸರಿ, ಎರಡನೇ ಪುಟ.

ಎಲ್ಲಾ ಸದ್ದೂ ಹೋದಾಗ ಹಳೇ ರೇಡಿಯೊ ರಿಪೇರಿಯವರ ಉಪಾಯ ಒಂದಿದೆ. ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿ, ಅದರ ಲೋಹಕ್ಕೆ ಬೆರಳು ಇಡಿ. ಸ್ಪೀಕರಿನಲ್ಲಿ ಗುಂಯ್ ಅಂದರೆ ಆಂಪ್, ಸ್ಪೀಕರ್ ಎರಡೂ ಬದುಕಿವೆ. ಸಮಸ್ಯೆ ಅದಕ್ಕಿಂತ ಹಿಂದೆ. ಏನೂ ಇಲ್ಲ ಅಂದರೆ ಮುಂದೆ. ಪಿಕ್ಚರ್ ಟ್ಯೂಬಿನ ಕಡೆ ಮಾತ್ರ ಕೈ ಹಾಕಬೇಡಿ. ಅಲ್ಲಿ 20,000 ವೋಲ್ಟ್ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಸ್ಪೀಕರ್ ಮೇಲೆ ಅನುಮಾನ ಇದ್ದರೆ ಅದರ ವೈರ್ ಬಿಡಿಸಿ, ಗೋಡೆ ಗಡಿಯಾರದ ಸೆಲ್ ಒಂದನ್ನು ತಗುಲಿಸಿ. ಟಪ್ ಅಂದರೆ ಚೆನ್ನಾಗಿದೆ.

ಗುಂಯ್ ನಿಲ್ಲುವುದೇ ಇಲ್ಲ ಅಂದರೆ ಅದು ಬೇರೆ ಕಾಯಿಲೆ. ಅದರಲ್ಲೂ ಎರಡು ಬಗೆ. ನಮ್ಮ ಕರೆಂಟ್ 50 ಹರ್ಟ್ಸ್. ದಪ್ಪ ದನಿಯ 50ರ ಗುಂಯ್ ಆದರೆ ಅರ್ಥಿಂಗ್, ವೈರಿಂಗ್ ನೋಡಿ. ಅದಕ್ಕಿಂತ ಒಂದು ಸ್ಥಾಯಿ ಮೇಲೆ, 100ರಲ್ಲಿ ಇದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಅಮೆರಿಕದ ಅಟಾರಿ ಕಂಪನಿಯ ಹಳೇ ಯಂತ್ರಗಳಲ್ಲಿ ಈ ಕೆಪಾಸಿಟರಿಗೆ ಅಡ್ಡಹೆಸರೇ ಇದೆ, ಬಿಗ್ ಬ್ಲೂ. 27,000 ಮೈಕ್ರೊಫ್ಯಾರಡ್ ಸಾಮರ್ಥ್ಯ, ನೀಲಿ ಬಣ್ಣದ ಡಬ್ಬಿ. ಸಂಗೀತ ಕಲಿತವರಿಗೆ ಇಲ್ಲಿ ಮೀಟರೇ ಬೇಡ, ಷಡ್ಜ ಯಾವುದು ತಾರ ಷಡ್ಜ ಯಾವುದು ಅಂತ ಕಿವಿಯೇ ಹೇಳುತ್ತದೆ.

ಸದ್ದು ಬರುತ್ತೆ, ಆದರೆ ತಗಡು ಬಡಿದ ಹಾಗೆ, ಬೇಸ್ ಇಲ್ಲ. ಆಂಪಿನಿಂದ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಇದ್ದರೆ ಅದನ್ನು ನೋಡಿ. 1000 ಮೈಕ್ರೊಫ್ಯಾರಡ್ ಇದ್ದಾಗ 8 ಓಮ್ ಸ್ಪೀಕರಿಗೆ 20 ಹರ್ಟ್ಸ್‌ವರೆಗೂ ಬೇಸ್ ಹೋಗುತ್ತದೆ. ಒಣಗಿ 100ಕ್ಕೆ ಇಳಿದರೆ 200ರ ಕೆಳಗಿನದ್ದೆಲ್ಲ ಸೋರಿ ಹೋಯಿತು. ಒಂದು ಕೆಪಾಸಿಟರ್ ಬದಲಾಯಿಸಿದರೆ ಮುಗಿಯಿತು. ಬೋರ್ಡ್ ಅಲ್ಲ.

ಬೆಂಗಳೂರಿನವರಿಗೆ ಒಂದು ಮಾತು. ತೊಂಬತ್ತರ ದಶಕದಲ್ಲಿ ವಿಡಿಯೊ ಗೇಮ್ ಪಾರ್ಲರಿಗೆ ಟೋಕನ್ ಸುರಿದವರು ಇಲ್ಲಿ ಜಾಸ್ತಿ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತೆ. ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಜಾಮಾ ಅನ್ನುವ ಒಂದೇ ಮಾದರಿಯ ವೈರಿಂಗಿನವು. 56 ಪಿನ್ನಿನ ಕನೆಕ್ಟರ್, ಆ ಮಾದರಿಯ ಯಾವ ಬೋರ್ಡ್ ಬೇಕಾದರೂ ಚುಚ್ಚಬಹುದು. ಅದರಲ್ಲಿ ಮೈನಸ್ 5 ವೋಲ್ಟಿಗೆ ಅಂತ ಜಾಗ ಇದೆ. ಹೊಸ ಪವರ್ ಸಪ್ಲೈ ಹಾಕುವವರು ಆ ವೈರನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಕೆಲವು ಹಳೇ ಬೋರ್ಡಿನ ಸದ್ದಿಗೆ ಅದು ಬೇಕೇ ಬೇಕು. ಚಿತ್ರ ಬರುತ್ತೆ, ಆಟ ಓಡುತ್ತೆ, ಸದ್ದು ಮಾತ್ರ ಇಲ್ಲ. ಒಂದು ವೈರ್! ಇನ್ನೊಂದು, ಸ್ಪೀಕರಿನ ಎರಡೂ ವೈರಿಗೆ ಸಿಗ್ನಲ್ ಕೊಡುವ ಆಂಪ್ ಇದ್ದರೆ ಸ್ಪೀಕರಿನ ಮೈನಸ್ಸನ್ನು ಗ್ರೌಂಡಿಗೆ ಸೇರಿಸಬೇಡಿ, ಆಂಪ್ ಸುಟ್ಟೇ ಹೋಗುತ್ತದೆ.

ಚೀಟಿ ಬಂತು. ಐದು ನಿಮಿಷ ಅಂತೆ. ಮೂರನೇ ಪುಟದಲ್ಲಿ ಡ್ರೈ ಸೋಲ್ಡರ್, ಅಂದರೆ ಹಿಡಿತ ಬಿಟ್ಟ ಬೆಸುಗೆ ಬಗ್ಗೆ ಇತ್ತು. ಕನೆಕ್ಟರ್ ಅಲುಗಾಡಿಸಿದಾಗ ಸದ್ದು ಬಂದು ಹೋದರೆ ಅದೇ, ಭೂತಗನ್ನಡಿ ಹಿಡಿದು ಪಿನ್ನಿನ ಸುತ್ತ ಸಣ್ಣ ಉಂಗುರದಂಥ ಬಿರುಕು ಹುಡುಕಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕ್ಲೀನರ್ ಸ್ಪ್ರೇ. ನಾಲ್ಕನೇ ಪುಟ ಅಟಾರಿಯ ಪೋಕಿ, ಸದ್ದು ಹೊರಡಿಸುವ ಐಸಿ. ಅವರ ಆಟಗಳಲ್ಲಿ ಸೆಂಟಿಪೀಡ್‌ನಲ್ಲಿ ಒಂದು, ಟೆಂಪೆಸ್ಟ್‌ನಲ್ಲಿ ಎರಡು. ಅಟಾರಿ ಈಗ ಅದನ್ನು ಮಾಡುತ್ತಿಲ್ಲ. ನೀವು ಕಿತ್ತು ಗುಜರಿಗೆ ಹಾಕಿದ ಅಂಥ ಪ್ರತಿ ಬೋರ್ಡಿನ ಜೊತೆ ಒಂದಾದರೂ ಪೋಕಿ ಹೋಯಿತು. ಇದನ್ನು ಬೆಳಿಗ್ಗೆಯ ಗೆಳೆಯರ ಕಡೆ ನೋಡಿಕೊಂಡೇ ಹೇಳುತ್ತಿದ್ದೇನೆ.

ಹೊರಗೆ ಟೀ ಇಟ್ಟಿದ್ದಾರೆ. ಪಕ್ಕದಲ್ಲೇ ಒಂದು ಸ್ಟ್ರೀಟ್ ಫೈಟರ್ 2 ಪೆಟ್ಟಿಗೆ ಇದೆ. ಬೆಳಿಗ್ಗೆ ಬಂದು ಅದರ ಸದ್ದನ್ನು ನಾನೇ ಕೆಡಿಸಿದ್ದೇನೆ. ಯಾರೂ ಆಡದೆ ನಿಂತಾಗ ಅದು ಮೂಕ, ಕಾಯಿನ್ ಹಾಕಿದರೆ ಮಾತಾಡುತ್ತದೆ. ಒಂದು ಸದ್ದೋ, ಎಲ್ಲಾ ಸದ್ದೋ ಯೋಚಿಸಿ. ಬೋರ್ಡಿನ ಮೇಲೆ ಆಟದ ಸೆಟ್ಟಿಂಗ್ ಬದಲಾಯಿಸುವ ಸಣ್ಣ ಡಿಪ್ ಸ್ವಿಚ್‌ಗಳ ಸಾಲೂ ಇದೆ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಟಾರ್ಚ್ ಮೇಜಿನ ಮೇಲಿದೆ, ತಗೊಳ್ಳಿ. ಸೋಲ್ಡರಿಂಗ್ ಐರನ್ ನನ್ನ ಬ್ಯಾಗಿನಲ್ಲಿದೆ, ಬೀಗದ ಕೈ ನನ್ನ ಜೇಬಿನಲ್ಲಿದೆ.