ಗ್ರಿಡ್‌ಮ್ಯಾನ್ ಮುಗಿದ ರಾತ್ರಿ

ನೀವು ನೋಡುತ್ತಿರುವುದು ನಿನ್ನೆ ರಾತ್ರಿ ಒಂದೂವರೆಯ ನನ್ನ ರೂಮು. ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಬಂದು ಸುಮ್ನೆ ನಿಂತಿದ್ದೇನೆ. ಆಗ ತಾನೇ ಎಸ್‌ಎಸ್‌ಎಸ್‌ಎಸ್ ಗ್ರಿಡ್‌ಮ್ಯಾನ್ ಮುಗಿಸಿದ್ದೆ. 2018ರ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸೀರಿಯಲ್, ಟ್ರಿಗರ್ ಸ್ಟುಡಿಯೋದ್ದು, ಬರೀ 12 ಎಪಿಸೋಡ್. ಇನ್ನೂ ನೋಡದವರು ವಿಡಿಯೋ ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಕೊನೆಯ ಬಗ್ಗೆಯೇ ಹೇಳಬೇಕಿದೆ.

ಬೇರೆ ಲೋಕದಿಂದ ಬಂದ ರಕ್ಷಕ ಗ್ರಿಡ್‌ಮ್ಯಾನ್. ಒಂದು ಹಳೇ ಕಂಪ್ಯೂಟರ್ ಮೂಲಕ ಬಂದು ಊರಿನ ಮೇಲೆ ಬೀಳುವ ಕೈಜು ಅನ್ನೋ ದೈತ್ಯರ ಜೊತೆ ಹೋರಾಡುತ್ತಾನೆ. ಆ ದೈತ್ಯರನ್ನು ಕೈಯಾರೆ ಕೆತ್ತುವವಳು ಅಕಾನೆ, ಅದೇ ಊರಿನ ಹೈಸ್ಕೂಲ್ ಹುಡುಗಿ. ಅವಕ್ಕೆ ಜೀವ ತುಂಬುವವನು ಅಲೆಕ್ಸಿಸ್, ಕತೆಯ ಖಳ. ಯಾರೋ ಡಿಕ್ಕಿ ಹೊಡೆದು ಸಾರಿ ಕೇಳದೆ ಹೋದರೂ ಸಾಕು, ಅವಳಿಗೆ ಒಂದು ಕೈಜು ಬೇಕು. ಆ ಊರು, ಆ ಜನ, ಎಲ್ಲ ಅವಳೇ ಮಾಡಿಕೊಂಡ ಲೋಕ. ನಿಜದ ಬದುಕಿನಿಂದ ಓಡಿ ಬಂದು ಅಲ್ಲಿ ಸೇರಿಕೊಂಡಿದ್ದಾಳೆ.

ಕೊನೆಯ ಎಪಿಸೋಡಿನಲ್ಲಿ ಗ್ರಿಡ್‌ಮ್ಯಾನ್ ತನ್ನ ನಿಜ ರೂಪಕ್ಕೆ ಬರುತ್ತಾನೆ. ಅದು 1993ರ ಜಪಾನಿನ ಟಿವಿ ಸೀರಿಯಲ್‌ನಲ್ಲಿ ಇದ್ದ ಅದೇ ರೂಪ! ಹಳೇ ಹಾಡೂ ಕೇಳಿಸುತ್ತದೆ. ಆ ಸೀರಿಯಲ್‌ನಲ್ಲೂ ಒಬ್ಬ ಒಂಟಿ ಹುಡುಗ ಕಂಪ್ಯೂಟರ್ ಮುಂದೆ ಕೂತು ದೈತ್ಯರನ್ನು ಡಿಸೈನ್ ಮಾಡುತ್ತಿದ್ದ. ಇಪ್ಪತ್ತೈದು ವರ್ಷ ಆದ ಮೇಲೂ ಕತೆ ಅದೇ ಒಂಟಿತನದ ಹತ್ತಿರ ಬಂದು ನಿಂತಿದೆ ಅಲ್ವಾ.

ಇಷ್ಟೆಲ್ಲ ಆದ ಮೇಲೆ ಗ್ರಿಡ್‌ಮ್ಯಾನ್ ಬಳಸುವುದು ಫಿಕ್ಸರ್ ಬೀಮ್, ಮುರಿದಿದ್ದನ್ನು ಸರಿ ಮಾಡುವ ಬೆಳಕು. ಸಾವೇ ಇಲ್ಲದ ಅಲೆಕ್ಸಿಸ್‌ಗೆ ಒಳಗೆಲ್ಲ ಖಾಲಿ. ಅಕಾನೆಯ ನೋವೇ ಅವನ ಊಟ. ಆ ಬೆಳಕು ಅವಳ ಮನಸ್ಸನ್ನು ಮುಟ್ಟಿದಾಗ ನನ್ನ ಗಂಟಲು ಕಟ್ಟಿತು.

ಆದರೆ ಅತ್ತಿದ್ದು ಅಲ್ಲಲ್ಲ. ಆಮೇಲೆ ಅಕಾನೆಯ ಗೆಳತಿ ರಿಕ್ಕಾ ಅವಳಿಗೊಂದು ಉಡುಗೊರೆ ಕೊಡುತ್ತಾಳೆ, ಪಾಸ್ ಇಡುವ ಪುಟ್ಟ ಕವರ್. ಮನೆಯಿಂದ ಹೊರಗೆ ಹೊರಟವರಿಗೆ ಬೇಕಾಗುವ ವಸ್ತು. ನಿನ್ನ ಜೊತೆಯೇ ಇರಬೇಕು ಅಂತ ಆಸೆ, ಆ ಆಸೆ ಯಾವತ್ತೂ ಈಡೇರದಿರಲಿ ಅನ್ನುತ್ತಾಳೆ. ಅಕಾನೆ ಹೋಗುತ್ತಾಳೆ. ಬಿಡಿಸಿದ ಚಿತ್ರಗಳೆಲ್ಲ ನಿಂತು, ನಿಜವಾದ ಕೋಣೆ, ನಿಜವಾದ ಹುಡುಗಿ. ಎದ್ದು ಕೂರುತ್ತಾಳೆ. ಆ ಕವರ್ ಅಲ್ಲೇ ಇದೆ. ಅಷ್ಟೇ, ಮುಗಿಯಿತು.

ನಾನು ಊರು ಬಿಟ್ಟ ದಿನ ಗೆಳತಿಯೊಬ್ಬಳು ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಹೋಗ್ಬೇಡ ಅನ್ನಲಿಲ್ಲ. ಕಿಟಕಿಯಲ್ಲಿ ಚಕ್ಕುಲಿ ಪೊಟ್ಟಣ ಕೊಟ್ಟು, ಬಸ್ ಹೊರಡುವ ಮುಂಚೆಯೇ ತಿರುಗಿ ನಡೆದಳು. ನನಗೆ ಬೇಜಾರಾಗಿತ್ತು. ಅವಳು ಯಾಕೆ ನಿಲ್ಲಲಿಲ್ಲ ಅಂತ ನಿನ್ನೆ ಗೊತ್ತಾಯಿತು.

ಈಗ ವಿಡಿಯೋದಲ್ಲಿ ಫೋನ್ ಹಿಡಿದಿದ್ದೇನಲ್ಲ, ಅದು ಅವಳಿಗೇ ಮಾಡಿದ್ದು. ಆ ಹೊತ್ತಿನಲ್ಲಿ ಎತ್ತಲಿಲ್ಲ. ಬೆಳಿಗ್ಗೆ ಆರಕ್ಕೆ ಅವಳೇ ಮಾಡಿದಳು.